ಒಬ್ಬನೇ ವಿದ್ಯಾರ್ಥಿಯ ಕಾನೂನು ಶಾಲೆ

ಕೋವಿಂಗ್ಟನ್ ಮಿಲ್ಸ್
ಫೆಬ್ರವರಿ 11, 1948

ರಾಸ್ಕೊ,

ಬೆಳಿಗ್ಗೆ ಯೂಲಾ ಚಿಕ್ಕಮ್ಮ ಪತ್ರಿಕೆ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು. ಮುಖಪುಟದಲ್ಲಿ ನಿನ್ನ ಚಿತ್ರ. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಪುಸ್ತಕ, ಹಿಂದೆ ಶಾಸನಭವನದ ಕಂಬಗಳು. ಕೆಳಗೆ ದಪ್ಪ ಅಕ್ಷರದಲ್ಲಿ, 'ಕರಿಯರ ಕಾನೂನು ಶಾಲೆಗೆ ಮೊದಲ ವಿದ್ಯಾರ್ಥಿ.' ಅದರ ಕೆಳಗೆ ಸಣ್ಣದಾಗಿ, 'ಈತ ಸರ್ಕಾರದ ಮೇಲೆ ದಾವೆ ಹೂಡಿರುವ ಆರ್ಡೆಲಾ ಪೆಟಿಗ್ರೂಳ ಸ್ವಂತ ಅಣ್ಣ.'

ಆ ಶಾಲೆ ಯಾಕೆ ಹುಟ್ಟಿತು ಎಂದು ನಿನಗೆ ನಾನು ಹೇಳಬೇಕೇ? ರಾಜ್ಯದ ದೊಡ್ಡ ಕಾನೂನು ಶಾಲೆಗೆ ಅರ್ಜಿ ಹಾಕಿದೆ. ಅಂಕ ಸಾಲದು ಅನ್ನಲಿಲ್ಲ, ಬಣ್ಣ ಸಲ್ಲದು ಅಂದರು. ವಾಷಿಂಗ್ಟನ್ನಿನಲ್ಲಿ ನಮ್ಮವರಿಗೊಂದು ಶಾಲೆಯಿದೆ, ಅಲ್ಲಿಗೆ ಹೋಗು ಅಂದರು. ನನ್ನ ರಾಜ್ಯದಲ್ಲಿ ನಾನು ಓದಬೇಕು ಎಂದು ಎರಡು ವರ್ಷ ಕೋರ್ಟು ಅಲೆದೆವು. 'ಬಿಳಿಯರ ಶಾಲೆಗೆ ಸಮನಾದದ್ದನ್ನು ಕೊಡಿ, ಇಲ್ಲವೇ ಇವಳನ್ನು ಅಲ್ಲಿಗೇ ಸೇರಿಸಿ' ಎಂದು ನ್ಯಾಯಾಲಯ ಹೇಳಿದ ಮೇಲೆ ತಾನೇ ಈ ಜನ ವಾರದೊಳಗೆ ಶಾಸನಭವನದ ಮೂಲೆಯಲ್ಲಿ ಮೂರು ಕೋಣೆ ಗುಡಿಸಿ, ಬಾಗಿಲಿಗೆ ಬೋರ್ಡು ಬಡಿದು, 'ಇಗೋ ತಗೊಳ್ಳಿ ನಿಮ್ಮ ಶಾಲೆ' ಅಂದದ್ದು?

ನಮ್ಮ ಓಕ್ಸ್ ವಕೀಲರು ಚರ್ಚಿನಲ್ಲಿ ನಿಂತು ಕೈಮುಗಿದು ಕೇಳಿಕೊಂಡರು. "ಆ ಬಾಗಿಲೊಳಗೆ ಒಂದು ನೊಣಾನೂ ಹೋಗಬಾರದು. ಖಾಲಿ ಶಾಲೇನೇ ನಮ್ಮ ಸಾಕ್ಷಿ." ಇಡೀ ರಾಜ್ಯದಲ್ಲಿ ನಮ್ಮವರು ಒಬ್ಬರೂ ಹೋಗಲಿಲ್ಲ. ಹೋದವನು ನೀನೊಬ್ಬ.

ಅಪ್ಪ ಹೋದ ಮೇಲೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವನು ನೀನು. ಇವತ್ತು ಬೀದಿಯಲ್ಲಿ ಜನ ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಆರ್ಡೆಲಾ


ಮಲ್ಬರಿ ಬೀದಿ
ಫೆಬ್ರವರಿ 20, 1948

ಪ್ರೀತಿಯ ಆರ್ಡೆಲಾ,

ನಿನ್ನ ಸಿಟ್ಟಿನಲ್ಲಿ ಒಂದು ಮಾತೂ ತಪ್ಪಿಲ್ಲ. ಜನರಿಗೆ ಏನು ಹೇಳಲಿ ಎಂದು ಕೇಳಿದ್ದೀಯೆ. ನನ್ನ ಅಣ್ಣ ಸ್ವಾರ್ಥಿ ಎಂದು ಹೇಳು. ಸುಳ್ಳಲ್ಲ.

ಯುದ್ಧಕ್ಕೆ ಹೋಗುವ ಮುಂಚೆಯೂ ಬಂದ ಮೇಲೆಯೂ ಉಚ್ಚ ನ್ಯಾಯಾಲಯವೂ ಇರುವ ಆ ಶಾಸನಭವನದ ಲಿಫ್ಟು ನಡೆಸಿದವನು ನಾನು. ನ್ಯಾಯಾಧೀಶರನ್ನು ಮೇಲಕ್ಕೆ ಒಯ್ದೆ, ವಕೀಲರನ್ನು ಕೆಳಕ್ಕೆ ತಂದೆ. ನನ್ನ ಬೆನ್ನ ಹಿಂದೆ ನಿಂತು ಅವರು ಖಟ್ಲೆಗಳ ಮಾತಾಡುತ್ತಿದ್ದರು. ಆಸ್ತಿ ಯಾರದ್ದು, ಮಾತು ಮುರಿದದ್ದು ಯಾರು, ಸೇತುವೆ ಬಿದ್ದದ್ದಕ್ಕೆ ಹೊಣೆ ಯಾರು. ವಾದ ರಂಗೇರುವಷ್ಟರಲ್ಲಿ ಅವರ ಮಹಡಿ ಬರುತ್ತಿತ್ತು. ನಾನು ಬಾಗಿಲು ತೆಗೆಯಬೇಕು, ಅವರು ಇಳಿದು ಹೋಗಬೇಕು. ಯಾವ ವಾದದ ಕೊನೆಯನ್ನೂ ನಾನು ಕೇಳಿದವನಲ್ಲ. ಆರ್ಡೆಲಾ, ಹಸಿವು ಎಂದರೆ ಹೊಟ್ಟೆಯದ್ದು ಮಾತ್ರ ಅಂದುಕೊಂಡಿದ್ದೆ.

ನನಗೀಗ ಮೂವತ್ತೆಂಟು. ನೀನು ಗೆಲ್ಲುತ್ತೀಯೆ, ನನಗೆ ಅನುಮಾನವಿಲ್ಲ. ಆದರೆ ಆ ಹೊತ್ತಿಗೆ ನಾನು ಎಷ್ಟು ಮುದುಕನಾಗಿರುತ್ತೇನೋ. ಬೋರ್ಡು ಬಡಿದ ದಿನ ಲಿಫ್ಟನ್ನು ಆ ಮಹಡಿಯಲ್ಲಿ ನಿಲ್ಲಿಸಿ ನೋಡಿದೆ. ತೆರೆದ ಬಾಗಿಲು, ಉದ್ದ ಮೇಜು, ಬರೀ ಕುರ್ಚಿಗಳು. ತಡೆಯಲಾಗಲಿಲ್ಲ. ಮಾರನೆಯ ದಿನ ಲಿಫ್ಟಿನ ಕೆಲಸ ಬಿಟ್ಟೆ.

ಮೇಷ್ಟ್ರು ಬಿಳಿಯರು. ವಿನ್‌ಸ್ಲೋ ಟ್ರಾಸ್ಕ್ ಎಂದು ಹೆಸರು, ದೊಡ್ಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಣಗಿದ ಕೊಂಬೆಯಂಥ ಮನುಷ್ಯ. ಕಾಟಾಚಾರಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಬಂದವರೇ ಕೋಟು ಕಳಚಿ, ಖಾಲಿ ಕುರ್ಚಿಗಳನ್ನೆಲ್ಲ ಒಂದು ಸಲ ನೋಡಿ, ನನ್ನ ಕಡೆ ತಿರುಗಿ ಹೇಳಿದರು:

"ಪೆಟಿಗ್ರೂ ಅವರೇ, ಕೂತ್ಕೊಳ್ಳಿ."

ನಾನು ಹಿಂದೆ ತಿರುಗಿ ನೋಡಿದೆ. ಆ ಕಟ್ಟಡದಲ್ಲಿ ನನ್ನನ್ನು 'ಏ ರಾಸ್ಕೊ', 'ಬಾರೋ', 'ನಿಲ್ಲೋ' ಎಂದಷ್ಟೇ ಕರೆದಿದ್ದರು. ಬಿಳಿಯನೊಬ್ಬನ ಬಾಯಿಂದ 'ಅವರೇ' ಎಂದು ಬಂದದ್ದು ಅದೇ ಮೊದಲು. ಬೇರೆ ಯಾರೋ ಪೆಟಿಗ್ರೂ ಇದ್ದಾರೆ ಎಂದೇ ತಿಳಿದೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಏನಾಯಿತೋ ಅದನ್ನು ತಿಳಿಸಿದೆ.

ನಿನ್ನ ಅಣ್ಣ,
ರಾಸ್ಕೊ


ಮಲ್ಬರಿ ಬೀದಿ
ಏಪ್ರಿಲ್ 14, 1948

ಪ್ರೀತಿಯ ಆರ್ಡೆಲಾ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ. ಚರ್ಚಿನಲ್ಲಿ ನನ್ನ ಬೆಂಚು ನನಗೊಬ್ಬನಿಗೇ ಬಿಟ್ಟಿದ್ದಾರೆ. ಕ್ಷೌರದಂಗಡಿಯಲ್ಲಿ ನನ್ನ ಸರದಿ ಬರುವುದೇ ಇಲ್ಲ. ಮೊನ್ನೆ ಚರ್ಚಿನ ಮುಖಂಡರಾದ ಹಿರಿಯ ಡೀಕನ್ ಎಲ್ಲರಿಗೂ ಕೇಳುವಂತೆ, "ನ್ಯಾಯಾಧೀಶರು ಬಂದ್ರು, ದಾರಿ ಬಿಡ್ರಪ್ಪೋ!" ಅಂದರು. ನಗುವವರೆಲ್ಲ ನಕ್ಕರು.

ಟ್ರಾಸ್ಕ್ ಮೇಷ್ಟ್ರು ಪಾಠ ಹೇಳುವುದಿಲ್ಲ, ಆರ್ಡೆಲಾ. ಕೇಳುತ್ತಾರೆ. ಕೇಳುತ್ತಲೇ ಇರುತ್ತಾರೆ. ಒಂದು ಖಟ್ಲೆ ಓದಿಕೊಂಡು ಹೋಗಬೇಕು. "ಏನಾಯ್ತು ಹೇಳಿ" ಅನ್ನುತ್ತಾರೆ. ಹೇಳಿದೆ. "ತೀರ್ಪು ಸರೀನಾ?" ಸರಿ ಅಂದೆ. "ಯಾಕೆ?" ಇಂಥದ್ದಕ್ಕೆ ಅಂದೆ. "ಹಾಗಾದ್ರೆ ಖಟ್ಲೇಲಿರೋ ಹೆಂಗಸಿನ ಜಾಗದಲ್ಲಿ ಮಗು ಇದ್ದಿದ್ರೆ?" ನಾನು ಕಟ್ಟಿದ ಗೋಡೆಯಿಂದ ಒಂದೇ ಒಂದು ಇಟ್ಟಿಗೆ ಎಳೆಯುತ್ತಾರೆ, ಪೂರಾ ಕುಸಿಯುತ್ತದೆ. ಮತ್ತೆ ಕಟ್ಟಬೇಕು. ಮೊದಲ ವಾರ ಕಣ್ಣಲ್ಲಿ ನೀರು ಬಂದಿತ್ತು. ಈಗ ಬೆಳಗಾದರೆ ಸಾಕು, ಓಡುತ್ತೇನೆ.

ಹಿಂದೆ ಈ ದೇಶದಲ್ಲಿ ಕಾನೂನಿಗೆ ಶಾಲೆಯೇ ಇರಲಿಲ್ಲವಂತೆ. ವಕೀಲರ ಮನೆಯಲ್ಲಿ ಹುಡುಗರು ಒಲೆಗೆ ಸೌದೆ ಹಾಕಿ, ಪತ್ರಗಳ ನಕಲು ಬರೆದು, ಬಿಡುವಾದಾಗ ಪುಸ್ತಕ ತಿರುವಿ ಕಲಿಯುತ್ತಿದ್ದರಂತೆ. ಆಮೇಲೆ ಕನೆಕ್ಟಿಕಟ್ಟಿನ ಒಂದು ಸಣ್ಣ ಊರಿನಲ್ಲಿ ನ್ಯಾಯಾಧೀಶರೊಬ್ಬರ ಹತ್ತಿರ ಕಲಿಯುವವರ ಗುಂಪು ಮನೆಯೊಳಗೆ ಹಿಡಿಸಲಾರದಷ್ಟಾಯಿತು. ಹಿತ್ತಲಲ್ಲಿ ಒಂದು ಮರದ ಕೋಣೆ ಕಟ್ಟಿಸಿದರು. ಅದೇ ಶಾಲೆ! ಆ ಕೋಣೆಯಿಂದ ಎದ್ದು ಹೋದವರು ಮಂತ್ರಿಗಳಾದರು, ಈ ದೇಶದ ಉಪಾಧ್ಯಕ್ಷರಾದರು. ಬಹಳ ಕಾಲದ ಮೇಲೆ ಇನ್ನೊಬ್ಬ ಪ್ರೊಫೆಸರು, ಮೇಷ್ಟ್ರು ಓದುವುದು ಹುಡುಗರು ಬರೆದುಕೊಳ್ಳುವುದು ಇದೆಲ್ಲ ಸಾಕು ಎಂದು, ತರಗತಿಗೆ ಬಂದು ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತನಂತೆ. ಹುಡುಗರು ಹುಚ್ಚ ಎಂದು ಎದ್ದು ಹೋದರು. ಕೆಲವರು ಉಳಿದರು. ಉಳಿದವರಿಂದ ಕಲಿತವರು, ಅವರಿಂದ ಕಲಿತವರು, ಅವರಿಂದ ಟ್ರಾಸ್ಕ್, ಟ್ರಾಸ್ಕ್ ಅವರಿಂದ ನಾನು. ಯಾರೋ ಹಚ್ಚಿದ ದೀಪ ಕೈಯಿಂದ ಕೈಗೆ ಬಂದು, ನನ್ನಂಥವನ ಕೈಗೂ ಬಂತಲ್ಲ!

ಇಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಗ್ರಂಥಾಲಯ ನನಗೆ ತೆರೆದಿದೆ. 'ಸಮ' ಎಂದು ತೋರಿಸಬೇಕಲ್ಲ, ಅದಕ್ಕೆ. ನೆಲದಿಂದ ಚಾವಣಿಯವರೆಗೆ ಪುಸ್ತಕ. ಒಂದು ದಿನ ಅಂತರ್ಯುದ್ಧಕ್ಕೆ ಮುಂಚಿನ ಹಳೆಯ ಕಾಯಿದೆ ಪುಸ್ತಕ ಇಳಿಸಿದೆ. ಅದರಲ್ಲಿತ್ತು: ಗುಲಾಮನಿಗೆ ಓದಲು ಬರೆಯಲು ಕಲಿಸಿದವರಿಗೆ ಇಂಥಿಂಥ ಶಿಕ್ಷೆ. ನಮ್ಮ ತಾತ ಹುಟ್ಟಿದ ಕಾಲದ ಕಾಯಿದೆ. ಅವನನ್ನು ಅಕ್ಷರದಿಂದ ದೂರವಿಡಲು ಬರೆದ ವಾಕ್ಯವನ್ನು ಅವನ ಮೊಮ್ಮಗ ಬೆರಳಿಟ್ಟು ಓದುತ್ತಿದ್ದ. ಗಟ್ಟಿಯಾಗಿ ಓದಿದೆ. ಗ್ರಂಥಾಲಯದವರು "ಶ್ಶ್" ಅಂದರು. ಇನ್ನೊಂದು ಸಲ ಓದಿದೆ.

ಈ ವಾರದ ಖಟ್ಲೆ ಹೇಳುತ್ತೇನೆ. ರೈತನೊಬ್ಬನ ಹೇಸರಗತ್ತೆ ತಪ್ಪಿಸಿಕೊಂಡಿತು. ಹುಡುಕಿ ತಂದವರಿಗೆ ಬಹುಮಾನ ಎಂದು ಊರಲ್ಲಿ ಸಾರಿದ. ಈ ಸಾರಿದ್ದು ಗೊತ್ತೇ ಇಲ್ಲದ ಪರಊರಿನವನೊಬ್ಬ ಅದನ್ನು ಕಂಡು, ಪಾಪ ಎಂದು ಹಿಡಿದು ತಂದು ಒಪ್ಪಿಸಿದ. ಆಮೇಲೆ ಬಹುಮಾನದ ಸುದ್ದಿ ಕೇಳಿ 'ಕೊಡು' ಅಂದ. ರೈತ ಕೊಡಬೇಕೇ? ಕೊಡಬೇಕಿಲ್ಲ ಎಂದು ನಾನು ವಾದಿಸಿದೆ. ಮಾತು ಇಬ್ಬರ ನಡುವಿನದು. ಒಬ್ಬನಿಗೆ ಕೇಳಿಸದೇ ಇದ್ದರೆ ಕರಾರು ಎಲ್ಲಿಂದ ಬಂತು? ಮೇಷ್ಟ್ರಿಗೂ ಈ ಸಲ ಇಟ್ಟಿಗೆ ಎಳೆಯಲಾಗಲಿಲ್ಲ. ಎದ್ದು ನಿಂತು ಕುರ್ಚಿಗಳ ಕಡೆ ನೋಡಿದೆ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ.

ರಾಸ್ಕೊ


ಕೋವಿಂಗ್ಟನ್ ಮಿಲ್ಸ್
ಮೇ 3, 1948

ರಾಸ್ಕೊ ಅಣ್ಣ,

ನಿನ್ನ ಪತ್ರಗಳನ್ನು ನಾನು ಓದುತ್ತಿಲ್ಲ. ಊಟದ ಹೊತ್ತಿನಲ್ಲಿ ಯೂಲಾ ಚಿಕ್ಕಮ್ಮ ಗಟ್ಟಿಯಾಗಿ ಓದುತ್ತಾರೆ. ಕಿವಿ ಮುಚ್ಚಿಕೊಳ್ಳಲು ನನಗೆ ಕೈ ಬಿಡುವಿರುವುದಿಲ್ಲ, ಅಷ್ಟೆ.

ನೀನು ಮಾಡಿದ್ದನ್ನು ಒಪ್ಪಿದೆ ಎಂದು ತಿಳಿಯಬೇಡ. ಆದರೆ ಹೇಸರಗತ್ತೆಯ ವಿಷಯದಲ್ಲಿ ನೀನು ಹೇಳಿದ್ದು ಶುದ್ಧ ತಪ್ಪು. ಅದನ್ನು ಕೇಳಿ ಹತ್ತು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಚಿಕ್ಕಮ್ಮ ಅಂದರು, "ಅವನ್ಗೆ ಬರೆದು ಹಾಕೇ ಮಾರಾಯ್ತಿ! ಮುಖ ಊದಿಸ್ಕೊಂಡು ಕೂತ್ರೆ ಹೇಸರಗತ್ತೆ ಬಂದು ಉತ್ತರ ಹೇಳುತ್ತಾ?"

ಕೇಳು. ತಾತ ಹೇಳುತ್ತಿದ್ದುದು ನೆನಪಿದೆಯೇ? ಗುಲಾಮರ ಬಿಡುಗಡೆಯ ಘೋಷಣೆ ಆಗಿತ್ತು, ಯುದ್ಧವೂ ಮುಗಿದಿತ್ತು. ಯಜಮಾನ ಬಾಯಿ ಬಿಡಲಿಲ್ಲ. ಹತ್ತಿ ಬಿಡಿಸಿ ಮುಗಿಯುವವರೆಗೂ ಹೇಳಲಿಲ್ಲ. ಆ ತಿಂಗಳುಗಳಲ್ಲಿ ತಾತ ಗುಲಾಮನೇ, ಸ್ವತಂತ್ರನೇ? ನಿನ್ನ ವಾದ ಒಪ್ಪಿದರೆ, ಸುದ್ದಿ ಕೇಳಿಸದವನಿಗೆ ಸ್ವಾತಂತ್ರ್ಯವಿಲ್ಲ. ರೈತ ಕೊಟ್ಟ ಮಾತು ಲೋಕಕ್ಕೆ ಕೊಟ್ಟದ್ದು. ಆಡಿದ ಕ್ಷಣದಿಂದ ಅದು ಅವನನ್ನು ಕಟ್ಟುತ್ತದೆ. ಇನ್ನೊಬ್ಬನ ಕಿವಿಗೆ ಬಿತ್ತೋ ಇಲ್ಲವೋ ಎಂಬುದು ಅವನ ಅದೃಷ್ಟ, ರೈತನ ವಿನಾಯಿತಿಯಲ್ಲ.

ಇದಕ್ಕೆ ನಿನ್ನ ಮೇಷ್ಟ್ರು ಏನು ಹೇಳುತ್ತಾರೆ?

ಆರ್ಡೆಲಾ


ಮಲ್ಬರಿ ಬೀದಿ
ಮೇ 12, 1948

ನನ್ನ ಆರ್ಡೆಲಾ,

ನಿನ್ನ ವಾದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಪಾಠ ಶುರುವಾಗುವ ಮೊದಲೇ, "ಮೇಷ್ಟ್ರೇ, ಹೇಸರಗತ್ತೆ ವಿಷಯದಲ್ಲಿ ನಾನು ಸೋತೆ ಅನ್ನಿಸ್ತಿದೆ" ಎಂದು ನೀನು ಬರೆದದ್ದನ್ನು ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದರು.

"ಇದು ನಿಮ್ಮದಲ್ಲ."

"ಅಲ್ಲ ಸಾರ್."

"ಯಾರದು?"

"ನಿಮ್ಮ ಶಾಲೆಗೆ ಬರಲ್ಲ ಅಂದವಳದು."

ಅವರ ಮುಖ ನೀನು ನೋಡಬೇಕಿತ್ತು. ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ಎದ್ದು ಓಡಾಡಿದರು. "ಘೋಷಣೆ ಬೇರೆ, ಕರಾರು ಬೇರೆ. ಸ್ವಾತಂತ್ರ್ಯ ಬಹುಮಾನವಲ್ಲ, ಅವನದ್ದೇ ಆಗಿದ್ದು ವಾಪಸ್ ಬಂದದ್ದು. ಇದನ್ನ ಅವರಿಗೆ ಬರೀರಿ. ಏನು ಹೇಳ್ತಾರೋ ತಿಳಿಸಿ. ಬೇಗ ತಿಳಿಸಿ!" ಅಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಮೂವತ್ತು ವರ್ಷ ಪಾಠ ಹೇಳಿದೀನಿ. ಗುಲಾಮನ ಕಡೆಯಿಂದ ಆ ಖಟ್ಲೆ ಓದಿದವರು ನನ್ನ ತರಗತೀಲಿ ಒಬ್ಬರೂ ಇರ್ಲಿಲ್ಲ" ಅಂದರು. ಹೇಳಿ ಅಲ್ಲೇ ನಿಂತರು. ಯಾಕೆ ಇರಲಿಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಏನು ಹೇಳುತ್ತೀ? ಘೋಷಣೆ ಬೇರೆ, ಕರಾರು ಬೇರೆ. ಬರಿ.

ರಾಸ್ಕೊ


ಮಲ್ಬರಿ ಬೀದಿ
ಅಕ್ಟೋಬರ್ 6, 1948

ಪ್ರೀತಿಯ ಆರ್ಡೆಲಾ,

ದನ ಮುರಿದ ಬೇಲಿಯ ಬಗ್ಗೆ ಮೇಷ್ಟ್ರು ಕೊಟ್ಟ ಖಟ್ಲೆಗೆ ನೀನು ಕಳುಹಿಸಿದ ಉತ್ತರಕ್ಕೆ ಮರು ಉತ್ತರ ಅರ್ಧ ಬರೆದಿಟ್ಟಿದ್ದೇನೆ. ಈ ಬೇಸಿಗೆಯಲ್ಲಿ ನೀನು ನನ್ನನ್ನು ಸೋಲಿಸಿದಷ್ಟು ಜರ್ಮನರೂ ಸೋಲಿಸಿರಲಿಲ್ಲ. ಅದು ಇರಲಿ.

ನಿನ್ನೆ ಸರ್ಕಾರಿ ವಕೀಲ ಹ್ಯಾಡ್ಲಿ ಶಾಲೆಗೆ ಬಂದಿದ್ದ. ಟ್ರಾಸ್ಕ್ ಮೇಷ್ಟ್ರು ಮನೆಗೆ ಹೋದ ಮೇಲೆ, ನೋಡಿಕೊಂಡು ಬಂದ. ಮೇಜಿನ ತುದಿಯ ಮೇಲೆ ಕೂತು ಕಾಲು ಆಡಿಸುತ್ತ ಅಂದ:

"ಏನಪ್ಪಾ ರಾಸ್ಕೊ, ಖುಷಿಯಾಗಿದೀಯಾ? ನಿನ್ನ ತಂಗಿ ಖಟ್ಲೆ ಮುಂದಿನ ತಿಂಗಳು ವಿಚಾರಣೆಗೆ ಬರ್ತಿದೆ. ಈ ಶಾಲೆ ಆ ಶಾಲೆಗೆ ಸಮಾನಾ ಅನ್ನೋದೇ ಪ್ರಶ್ನೆ. ಅದನ್ನ ಹೇಳೋಕೆ ನಿನಗಿಂತ ಒಳ್ಳೆ ಸಾಕ್ಷಿ ಯಾರಿದಾರೆ? ಹೌದು ಅಂದ್ರೆ ಶಾಲೆ ಉಳಿಯುತ್ತೆ. ಇನ್ನೆರಡು ವರ್ಷಕ್ಕೆ ವಕೀಲಿ ಸನ್ನದು ನಿನ್ನ ಕೈಲಿ. ಅಲ್ಲ ಅಂದ್ರೆ, ಈ ಬಾಗಿಲು ಮುಚ್ಚೋಕೆ ನಮಗೆ ಒಂದು ಬೆಳಗು ಸಾಕು."

ಬೆದರಿಸುವ ದನಿಯಲ್ಲ. ಹವಾಮಾನ ಹೇಳುವ ದನಿ.

ಇಲ್ಲಿಯ ಪುಸ್ತಕಗಳು ಒಳ್ಳೆಯವು. ಮೇಷ್ಟ್ರು ಅದಕ್ಕಿಂತ ಒಳ್ಳೆಯವರು. ಬೈಬಲ್ಲಿನ ಮೇಲೆ ಕೈಯಿಟ್ಟು ಅದನ್ನು ನಾನು ಇಲ್ಲ ಅನ್ನಲಾರೆ. ನೀನು ಏನಾದರೂ ಹೇಳು.

ರಾಸ್ಕೊ


ಕೋವಿಂಗ್ಟನ್ ಮಿಲ್ಸ್
ಅಕ್ಟೋಬರ್ 15, 1948

ಅಣ್ಣಾ,

ಓಕ್ಸ್ ವಕೀಲರು ಬಂದಿದ್ದರು. "ನಿಮ್ಮ ಅಣ್ಣನಿಗೆ ಒಂದು ಮಾತು ಬರೀಮ್ಮ, ನೀನು ಬರೆದ್ರೆ ಕೇಳ್ತಾರೆ" ಅಂದರು. ಯೂಲಾ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು.

ನಾನು ಬರೆಯುವುದಿಲ್ಲ ಅಂದೆ. ಸಾಕ್ಷಿಗೆ ಹೇಳಿಕೊಟ್ಟರೆ ಅದು ಸಾಕ್ಷಿಯಾಗುವುದಿಲ್ಲ. ನೀನೇ ಕಳೆದ ತಿಂಗಳು ನನ್ನ ಜೊತೆ ಆ ಬಗ್ಗೆ ಜಗಳವಾಡಿದ್ದೆ.

ಬೇಲಿಯ ಖಟ್ಲೆಯ ಉತ್ತರ ಪೂರ್ತಿ ಮಾಡಿ ಕಳುಹಿಸು.

ಆರ್ಡೆಲಾ


ಕೋವಿಂಗ್ಟನ್ ಮಿಲ್ಸ್
ನವೆಂಬರ್ 21, 1948

ನನ್ನ ಅಣ್ಣನಿಗೆ,

ನೀನು ಅಲ್ಲಿ ನಿಂತಿದ್ದೆ, ಆದರೆ ನಿನ್ನನ್ನು ನೀನು ನೋಡಲಿಲ್ಲ. ನಾನು ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋರ್ಟಿನಲ್ಲಿ ನಮ್ಮವರಿಗೆಂದು ಬಿಟ್ಟ ಮೇಲಿನ ಸಾಲಿನಲ್ಲಿ ಚಿಕ್ಕಮ್ಮನ ಪಕ್ಕ ಕೂತಿದ್ದೆ. ಸಾಲು ತುಂಬಿ ಮೆಟ್ಟಿಲ ಮೇಲೂ ಜನ. ನಿನ್ನ ಹೆಸರು ಕೂಗಿದಾಗ ಹಿಂದಿನಿಂದ ಡೀಕನ್, "ಬಂದ ನೋಡ್ರಪ್ಪ, ಸರ್ಕಾರದ ಅಳಿಯ" ಅಂದರು. ಚಿಕ್ಕಮ್ಮ ತಿರುಗಿ ಅವರನ್ನು ಒಂದು ನೋಟ ನೋಡಿದರು. ಅವರು ಮತ್ತೆ ಬಾಯಿ ತೆರೆಯಲಿಲ್ಲ.

ಹ್ಯಾಡ್ಲಿ ಬೆಣ್ಣೆಯಂತೆ ಕೇಳಿದ. "ಶಾಲೇಲಿ ಪುಸ್ತಕ ಸಾಕಷ್ಟಿದೆಯೇನಪ್ಪಾ?"

"ಇದೆ ಸಾರ್. ಒಂದು ಜನ್ಮಕ್ಕೆ ಆಗುವಷ್ಟಿದೆ."

"ಮೇಷ್ಟ್ರು?"

"ಅವರಿಗಿಂತ ಒಳ್ಳೆಯವರು ನನಗೆ ಎಲ್ಲೂ ಸಿಗಲಾರರು."

"ಕಾನೂನು ಕಲೀತಿದೀಯಾ?"

"ಕಲೀತಿದೀನಿ ಸಾರ್."

ಹ್ಯಾಡ್ಲಿ ನಗುತ್ತ ಕೂತ. ಸುತ್ತಲಿನವರು ನನ್ನ ಮುಖ ನೋಡದಿರಲು ಪ್ರಯತ್ನಿಸುತ್ತಿದ್ದರು. ಸತ್ಯವನ್ನೇ ಹೇಳಿದ್ದೀಯೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಭಯವಾಯಿತು.

ಓಕ್ಸ್ ವಕೀಲರು ಪಾಟೀಸವಾಲಿಗೆ ಎದ್ದು ಒಂದೇ ಪ್ರಶ್ನೆ ಕೇಳಿದರು. "ಪೆಟಿಗ್ರೂ ಅವರೇ, ತರಗತೀಲಿ ನಿಮಗೆ ಎದುರು ವಾದ ಮಾಡೋರು ಯಾರು?"

"ಒಬ್ಬಳಿದಾಳೆ ಸಾರ್."

ಹ್ಯಾಡ್ಲಿ ನೆಗೆದು ನಿಂತ. "ಮಹಾಸ್ವಾಮಿ, ದಾಖಲೇಲಿ ಇರೋದು ಒಬ್ಬನೇ ವಿದ್ಯಾರ್ಥಿ!"

ನ್ಯಾಯಾಧೀಶರು ನಿನ್ನ ಕಡೆ ಬಾಗಿದರು. "ಯಾರವಳು?"

ಆಗ ನೀನು ತಲೆಯೆತ್ತಿ ಮೇಲೆ ನೋಡಿದೆ. "ಅಲ್ಲಿ ಕೂತಿದಾಳೆ ಮಹಾಸ್ವಾಮಿ. ನನ್ನ ತಂಗಿ. ಅಂಚೇಲಿ ವಾದ ಮಾಡ್ತಾಳೆ. ಮೇಷ್ಟ್ರು ನನಗೆ ಕಾನೂನು ಓದೋದು ಕಲಿಸಿದ್ರು. ನಾನು ತಪ್ಪು ಅಂತ ತೋರಿಸಿಕೊಟ್ಟೋಳು ಅವಳು. ಒಬ್ಬನೇ ಕೂತವನಿಗೆ ತನ್ನ ತಪ್ಪು ಕಾಣಲ್ಲ. ಎಷ್ಟು ಪುಸ್ತಕ ಕೊಟ್ರೂ ಕಾಣಲ್ಲ. ನಾಳೆ ನಾನು ವಕೀಲನಾಗಿ ನಿಲ್ಲಬೇಕಾದ್ದು ಬಿಳಿ ವಕೀಲರ ಎದುರಿಗೆ. ಅವರು ಹೇಗೆ ಯೋಚನೆ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ, ನಾನು ಹೇಗೆ ಯೋಚನೆ ಮಾಡ್ತೀನಿ ಅಂತ ಅವರಿಗೂ ಗೊತ್ತಿಲ್ಲ. ನಮ್ಮನ್ನ ಒಂದೇ ಕೋಣೇಲಿ ಕೂರಿಸಿಲ್ಲ. ಇದು ಒಳ್ಳೆ ಶಾಲೆಯ ಅರ್ಧ, ಮಹಾಸ್ವಾಮಿ. ಇನ್ನರ್ಧ ಹೊರಗೆ ನಿಂತಿದೆ."

"ಹಾಗಾದ್ರೆ ಸಮ ಅಲ್ಲ ಅಂತೀಯಾ?" ಹ್ಯಾಡ್ಲಿ ಕೂಗಿದ.

"ಅಲ್ಲ ಸಾರ್."

"ಹಾಗಂದ್ರೆ ನಿನಗೇನಾಗುತ್ತೆ, ಗೊತ್ತಾ?"

"ನನ್ನ ಕುರ್ಚಿ ಹೋಗುತ್ತೆ, ಸಾರ್."

ಮಾತು ಎಷ್ಟು ಮೆಲ್ಲಗೆ ಬಂತೆಂದರೆ ಮೇಲಿನ ಸಾಲಿನವರೆಲ್ಲ ಮುಂದಕ್ಕೆ ಬಾಗಿದ್ದರು. ಯಾರ ಹತ್ತಿರ ಅಕ್ಷರ ಕಲಿತೆನೋ, ಅವನು ಯಾರೆಂದು ನನಗೆ ಆವತ್ತು ಗೊತ್ತಾಯಿತು.

ಹೊರಗೆ ಮೆಟ್ಟಿಲ ಬಳಿ ಜನ ನಿನ್ನ ಕೈ ಕುಲುಕಲು ನುಗ್ಗುತ್ತಿದ್ದಾಗ ಒಬ್ಬರು ಬಿಳಿ ಮುದುಕರು ಎಲ್ಲರನ್ನೂ ದಾಟಿಕೊಂಡು ಬಂದರಲ್ಲ, ಅವರೇ ನಿನ್ನ ಮೇಷ್ಟ್ರು ಎಂದು ನೋಡುತ್ತಲೇ ತಿಳಿಯಿತು. "ಎರಡನೇ ಉತ್ತರ ಸಡಿಲವಾಯ್ತು, ಪೆಟಿಗ್ರೂ ಅವರೇ. 'ಎಲ್ಲೂ ಸಿಗಲಾರರು' ಅಂದ್ರಿ, ಎಲ್ಲಾ ಕಡೆ ಹುಡುಕಿದ್ರಾ? ಕೊನೇದಕ್ಕೆ ನಾನು ಏನೂ ಸೇರಿಸಲಾರೆ" ಅಂದರು. ನನ್ನ ಕಡೆ ತಿರುಗಿ, "ಬೇಲಿ ಖಟ್ಲೇಲಿ ನಿಮ್ಮದೇ ಸರಿ" ಎಂದು ಟೋಪಿ ತೆಗೆದರು.

ನಿನ್ನ ತಂಗಿ,
ಆರ್ಡೆಲಾ


ಮಲ್ಬರಿ ಬೀದಿ
ಜೂನ್ 30, 1949

ಪ್ರೀತಿಯ ಆರ್ಡೆಲಾ,

ಕೆಳಗಿನ ಕೋರ್ಟಿನ ಹಾಗೆಯೇ ರಾಜ್ಯದ ಉಚ್ಚ ನ್ಯಾಯಾಲಯವೂ ನಮ್ಮನ್ನು ಸೋಲಿಸಿದ ಸುದ್ದಿ ನಿನಗೆ ಮೊದಲೇ ಬಂದಿರುತ್ತದೆ. 'ಎರಡು ಶಾಲೆಗಳೂ ಸಾರಾಂಶದಲ್ಲಿ ಸಮ.' ಹಾಗೆ ಬರೆದ ತಿಂಗಳಲ್ಲೇ, ಹಣವಿಲ್ಲ ಎಂದು ಆ ಶಾಲೆ ಮುಚ್ಚಿದರು.

ಕೊನೆಯ ದಿನವೂ ಮೇಷ್ಟ್ರು ಬಂದು ಕೋಟು ಕಳಚಿ, "ಏನಾಯ್ತು ಹೇಳಿ" ಅಂದರು. ಹಳ್ಳದ ನೀರಿನ ಖಟ್ಲೆ. ಕೂಲಿಗಳು ಕುರ್ಚಿ ಸಾಗಿಸುತ್ತಿದ್ದರು. ಕೊನೆಗೆ ನಾವು ಕೂತಿದ್ದವೆರಡೇ ಉಳಿದವು. ಅವನ್ನೂ ಎತ್ತಬೇಕು ಅಂದರು. ಎದ್ದು ನಿಂತು ಮುಂದುವರಿಸಿದೆವು. ಪಾಠ ಮುಗಿದ ಮೇಲೆ ಮೇಷ್ಟ್ರು ನನ್ನ ಕೈ ಹಿಡಿದರು. ಉತ್ತರದ ಕಡೆ ಮಗಳ ಮನೆಗೆ ಹೋಗುತ್ತಾರಂತೆ.

ನಾನು ಈಗ ಲಾಂಡ್ರಿಯಲ್ಲಿದ್ದೇನೆ. ಹಬೆಗೆ ಕೈ ಬೆಂದಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಭಾನುವಾರ ಚರ್ಚಿಗೆ ಹೋದರೆ ಬೆಂಚಿನಲ್ಲಿ ನನಗೆ ಒತ್ತಿಕೊಂಡು ಕೂರುತ್ತಾರೆ. ಡೀಕನ್ ಮೊನ್ನೆ ತಾವೇ ಸಿಹಿಗೆಣಸಿನ ಪೈ ಕತ್ತರಿಸಿ ತಂದುಕೊಟ್ಟರು.

ನೀನು ವಾಷಿಂಗ್ಟನ್ನಿನ ದೊಡ್ಡ ಕೋರ್ಟಿಗೆ ಮೇಲ್ಮನವಿ ಹಾಕುವುದನ್ನು ಬಿಡಬೇಡ.

ರಾಸ್ಕೊ


ವಾಷಿಂಗ್ಟನ್
ಜೂನ್ 8, 1950

ಅಣ್ಣಾ,

ತಂತಿ ಸಿಕ್ಕಿರಬೇಕು. ತಂತಿಯಲ್ಲಿ ಹಿಡಿಸದ್ದನ್ನು ಬರೆಯುತ್ತೇನೆ.

ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಓಕ್ಸ್ ವಕೀಲರು ಎಡವಿದರು. "ಎಡವಿದ್ದು ಯಾರಿಗೂ ಹೇಳ್ಬೇಡಮ್ಮ" ಅಂದರು. ಒಳಗೆ ಕೆಂಪು ಪರದೆ, ಅದರ ಮುಂದೆ ಒಂಬತ್ತು ಜನ. ಒಬ್ಬೊಬ್ಬರೂ ಯಾವುದೋ ಒಂದು ಶಾಲೆಯಲ್ಲೋ, ಯಾರದೋ ಕಚೇರಿಯ ಮೂಲೆಯಲ್ಲೋ ಕೂತು, ತಪ್ಪು ಉತ್ತರ ಹೇಳಿ, ಬೈಸಿಕೊಂಡು ಕಲಿತವರೇ ತಾನೇ ಎಂದು ಧೈರ್ಯ ತಂದುಕೊಳ್ಳಲು ನೋಡಿದೆ. ಬರಲಿಲ್ಲ.

ತೀರ್ಪು ಓದಿದರು. ಕಟ್ಟಡದಲ್ಲಿ ಅಲ್ಲ, ಪುಸ್ತಕದ ರಾಶಿಯಲ್ಲಿ ಅಲ್ಲ ಶಾಲೆ ಇರುವುದು. ತನ್ನಿಂದ ಭಿನ್ನರಾದವರ ಜೊತೆ ಕೂತು ಮಾತಿಗೆ ಮಾತು ಕೊಡದೆ ಯಾರೂ ಕಾನೂನು ಕಲಿಯಲಾರರು. ಅದನ್ನು ತಪ್ಪಿಸಿದ ಶಾಲೆ ಸಮವಲ್ಲ. ಆರ್ಡೆಲಾ ಪೆಟಿಗ್ರೂಳನ್ನು ಸೇರಿಸಿಕೊಳ್ಳತಕ್ಕದ್ದು. ಅವರಲ್ಲಿ ಒಬ್ಬರೂ ಭಿನ್ನಾಭಿಪ್ರಾಯ ಬರೆಯಲಿಲ್ಲ.

ಆ ಕೆಂಪು ಪರದೆಯ ಮುಂದೆ, ಮಲ್ಬರಿ ಬೀದಿಯ ನನ್ನ ಅಣ್ಣನ ಮಾತನ್ನು, ಅವನ ಹೆಸರು ಹೇಳದೆ, ಆ ಒಂಬತ್ತು ಜನ ಈ ದೇಶದ ಕಾನೂನು ಎಂದು ಓದಿದರು. ನನ್ನ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನಗೆ ಕರವಸ್ತ್ರ ಕೊಟ್ಟಾಗಲೇ ನಾನು ಅಳುತ್ತಿದ್ದೇನೆಂದು ತಿಳಿದದ್ದು.

ಬಾಗಿಲು ನನಗೊಬ್ಬಳಿಗೇ ತೆರೆದದ್ದಲ್ಲ. ನೀನೂ ಅರ್ಜಿ ಹಾಕು. ಇವತ್ತೇ.

ಆರ್ಡೆಲಾ


ಮಲ್ಬರಿ ಬೀದಿ
ಸೆಪ್ಟೆಂಬರ್ 9, 1950

ಪ್ರೀತಿಯ ಆರ್ಡೆಲಾ,

ದೊಡ್ಡ ಶಾಲೆಯ ಕಚೇರಿಗೆ ಹೋಗಿಬಂದೆ. ಗುಮಾಸ್ತ ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನೀವು ಶಾಸನಭವನದ ಶಾಲೇಲಿ ಓದಿದ್ದು ಲೆಕ್ಕಕ್ಕೆ ಬರಲ್ಲ. ಅದು ನಮ್ಮ ಮಟ್ಟದ್ದಲ್ಲ."

"ಅದು ಇದಕ್ಕೆ ಸಮ ಅಂತ ನಿಮ್ಮ ವಕೀಲರೇ ಪ್ರಮಾಣ ಮಾಡಿ ಹೇಳಿದ್ರಲ್ಲ ಸಾರ್?"

"ಅದು ಕೋರ್ಟಲ್ಲಿ ಹೇಳೋ ಮಾತು" ಅಂದ. ಅಂದವನಿಗೇ ನಗು ಬಂತು. ನನಗೂ ಬಂತು. ಇಬ್ಬರೂ ಮೇಜಿನ ಎರಡು ಕಡೆ ನಿಂತು ನಕ್ಕೆವು. ಆಮೇಲೆ ಅವನು ಕೆಮ್ಮಿ, ಮುದ್ರೆ ಒತ್ತಿ, "ಮೊದಲನೇ ವರ್ಷದಿಂದ ಶುರು ಮಾಡಬೇಕಾಗುತ್ತೆ" ಅಂದ.

ನಲವತ್ತರ ಮನುಷ್ಯ ಮತ್ತೆ ಒಂದರಿಂದ! ಹೊರಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತೆ. ಕಳೆದುಹೋದ ವರ್ಷಗಳಿಗೆ ಅಳಬೇಕು ಅನ್ನಿಸಿತು. ಆಗ ಹೊಳೆಯಿತು: ಮೊದಲನೇ ವರ್ಷ ಎಂದರೆ ನಿನ್ನ ವರ್ಷ. ನಿನ್ನ ತರಗತಿ.

ಎದ್ದು ಹೋಗಿ ಆ ತರಗತಿಯ ಬಾಗಿಲು ನೂಕಿದೆ. ಯಾರೂ ಇರಲಿಲ್ಲ. ಅರ್ಧಚಂದ್ರದ ಹಾಗೆ ಸಾಲಿನ ಮೇಲೆ ಸಾಲು, ಎಲ್ಲರಿಗೂ ಎಲ್ಲರ ಮುಖ ಕಾಣುವ ಹಾಗೆ ಕಟ್ಟಿದ್ದಾರೆ. ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ಎಷ್ಟು ತಲೆಮಾರಿನವರು ಅಲ್ಲಿ ಎದ್ದು ನಿಂತು 'ನಾನು ಒಪ್ಪುವುದಿಲ್ಲ' ಅಂದಿರಬೇಕು! ಟೋಪಿ ತೆಗೆದು ನಿಂತೆ. ನಮ್ಮ ಸುತ್ತಲಿನ ಸಾಲು ಬಿಳಿಯ ಹುಡುಗರು ಖಾಲಿ ಬಿಡಬಹುದು. ಬಿಡಲಿ, ಅಷ್ಟು ದೂರದಿಂದಲೂ ಮಾತು ಕೇಳಿಸುತ್ತದೆ. 'ಒಪ್ಪುವುದಿಲ್ಲ' ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ, ಕೋಣೆಯ ಆ ತುದಿಯವರೆಗೂ ಹೋಯಿತು.

ಕಳೆದ ವಾರದ ಪತ್ರದಲ್ಲಿ ಹಳ್ಳದ ನೀರಿನ ಬಗ್ಗೆ ಬರೆದಿದ್ದೀಯಲ್ಲ, ಮೇಲಿನ ಹೊಲದವನಿಗೆ ಹೆಚ್ಚು ಹಕ್ಕು ಎಂದು? ತಪ್ಪು. ಯಾಕೆ ಎಂದು ಇಲ್ಲಿ ಬರೆಯುವುದಿಲ್ಲ. ಇನ್ನು ನಮಗೆ ಅಂಚೆ ಬೇಡ. ಸೋಮವಾರ ಎಲ್ಲರ ಎದುರಿಗೆ ಎದ್ದು ನಿಂತು ಹೇಳುತ್ತೇನೆ. ತಯಾರಾಗಿ ಬಾ.

ನಿನ್ನ ಸಹಪಾಠಿ,
ರಾಸ್ಕೊ ಪೆಟಿಗ್ರೂ